ಪುಣೆದಾಗ ಥಂಡಿ ಇಲ್ಲ ಅಂತೀರಿ? ಮೊಣಕಾಲ ಮುಟ್ಟಿ ನೋಡ್ರಿ!

ನಮಸ್ಕಾರ್ರಿ ಎಲ್ಲಾರ್ಗೂ. ಇವತ್ತು ಸೈಕಲ್ ಟಯರ್ ಪ್ರೆಶರ್ ಬಗ್ಗೆ ಮಾತಾಡೂದಿತ್ತು, ಸ್ಕ್ರಿಪ್ಟ್ ಸುದ್ದಾ ಬರ್ದಿಟ್ಟಿದ್ದೆ, ಅದು ಮುಂದಿನ ವಾರಕ್ಕ ಹೋತು. ಯಾಕಂದ್ರ ಹೋದ ವಿಡಿಯೋದ ಕೆಳಗ ಒಬ್ರು ಹಾಕಿದ ಕಮೆಂಟ್ ನಿನ್ನೆ ರಾತ್ರಿಯಿಂದ ತಲ್ಯಾಗ ತಿರಗಾಕತ್ತೈತಿ. "ಅಣ್ಣಾ, ಪುಣೆದಾಗ ಎಲ್ಲೈತಿ ಥಂಡಿ? ಲೆಗ್ಗಿಂಗ್ಸ್ ಯಾಕ್ ಹಾಕ್ಕೊಂಡೀರಿ? ಗಂಡಸ್ರಂಗ ಜೀನ್ಸ್ ಹಾಕ್ಕೊಂಡು ಹೊಡೀರಿ." ಅದಕ್ಕ ನಲವತ್ತು ಮಂದಿ ಲೈಕ್ ಬ್ಯಾರೆ!

ಅದು ಲೆಗ್ಗಿಂಗ್ಸ್ ಅಲ್ರಿ, ಲೆಗ್ ವಾರ್ಮರ್. ಪಾದ ಇಲ್ಲದ ಉದ್ದನೆ ಕಾಲ್ಚೀಲ ಅಂತ ತಿಳ್ಕೋರಿ, ತೊಡಿಯಿಂದ ಹರಡಿನ ತನಕ ಬರ್ತೈತಿ, ಒಳಗ ಮೆತ್ತನ್ನ ಫ್ಲೀಸ್, ಮ್ಯಾಲಿನ ಅಂಚಿಗೆ ಜಾರದಂಗ ಸಿಲಿಕಾನ್ ಪಟ್ಟಿ. ಮೊದ್ಲು ಅದನ್ನ ಏರಿಸ್ಬೇಕು, ಆಮೇಲ ಸೈಕ್ಲಿಂಗ್ ಶಾರ್ಟ್ಸ್ ಅದರ ಮ್ಯಾಲ ಬರಬೇಕು, ಉಲ್ಟಾ ಹಾಕ್ಕೊಂಡು ಜಾರ್ತೈತಿ ಜಾರ್ತೈತಿ ಅಂತ ನನಗ ಮೆಸೇಜ್ ಮಾಡಬ್ಯಾಡ್ರಿ. ಮತ್ತ ಪ್ಯಾಡ್ ಇರೂ ಶಾರ್ಟ್ಸ್ ಒಳಗ ಅಂಡರ್‌ವೇರ್ ಬ್ಯಾಡ, ಹೊಲಿಗಿ ಉಜ್ಜಿ ಗಾಯ ಆಗ್ತೈತಿ, ಇದನ್ನ ಹತ್ತ ಸಲ ಹೇಳೀನಿ.

ಇವತ್ತು ನಾ ಹೇಳೂದು ಒಂದ. ಮೊಣಕಾಲ ಮುಚ್ಚ್ರಿ, ಬಿಸಿಲು ಬಂದ ಮ್ಯಾಲ ತೆಗದು ಕಿಸೆದಾಗ ಹಾಕ್ಕೊಳ್ಳಾಕ ಬರೂವಂಥದ್ರಿಂದ ಮುಚ್ಚ್ರಿ.

ಥಂಡಿ ಇಲ್ಲ ಅಂದವ್ರು ಬಹುಶಃ ಮಗರಪಟ್ಟಾದಾಗ ಕುಂತು ಬರದಿರಬೇಕು, ಅಲ್ಲಿ ಕಾಂಕ್ರೀಟ್ ರಾತ್ರಿಯೆಲ್ಲಾ ಬೆಚ್ಚಗ ಇರ್ತೈತಿ. ಪೇಪರ್‌ನ್ಯಾಗ ಪುಣೆ ಅಂತ ಬರೂ ಅಂಕಿ ಶಿವಾಜಿನಗರದ ಹವಾಮಾನ ಕೇಂದ್ರದ್ದು, ಪೆಟಿಗಿ ಒಳಗ ಗಾಳಿ ನೇರ ಬಡಿಯದಂಗ ಇಟ್ಟ ಥರ್ಮಾಮೀಟರ್ ನೋಡಿ ಬರದಿದ್ದು. ಪಾಷಾಣ್, ಮಿಲಿಟರಿ ಅಕಾಡೆಮಿ ಎನ್‌ಡಿಎ ಕಡೆ ಅದಕ್ಕಿಂತ ಕಡಿಮಿ ಇರ್ತೈತಿ, ತಣ್ಣನ್ನ ಗಾಳಿ ಭಾರ ಇರ್ತೈತಲ್ರಿ, ರಾತ್ರಿ ಗುಡ್ಡ ಇಳದು ತಗ್ಗಿನ್ಯಾಗ ನಿಲ್ತೈತಿ. ಮತ್ತ ಆ ಥರ್ಮಾಮೀಟರ್ ಸೈಕಲ್ ಮ್ಯಾಲ ಕುಂತಿಲ್ಲ. 10 ಡಿಗ್ರಿ ಇದ್ದಾಗ 25ರ ಸ್ಪೀಡಿಗೆ ಮೈಗೆ ಹತ್ತೂದು 7ರಂಗ, ಇಳಿಜಾರಿನ್ಯಾಗ 40 ಮುಟ್ಟಿದ್ರ 6.

ಕುಡಜೆ ದಾಟಿ ಮಾಂಡವಿ ಕಡೆ ಕಚ್ಚಾ ರಸ್ತೆ ಹಿಡದು ಜನವರಿದಾಗ ಹೊತ್ತು ಹುಟ್ಟೂಕ್ಕಿಂತ ಮೊದ್ಲು ಹೋಗಿ ನೋಡ್ರಿ. ಖಡಕವಾಸ್ಲಾ ಡ್ಯಾಮ್ ನೀರಿನ ಮ್ಯಾಲ ಮಂಜು ಹಾಸಿರ್ತೈತಿ, ಬದಿಗಿನ ಹುಲ್ಲಿನ ಇಬ್ಬನಿ ಕಾಲಿಗೆ ಬಡದು ಬಡದು ಮೀನಖಂಡ ತೊಯ್ತೈತಿ. ಅಲ್ಲಿ ನಿಂತು ಬರೀ ಮೊಣಕಾಲ ಮ್ಯಾಲ ಅಂಗೈ ಇಟ್ಟು ನೋಡ್ರಿ. ತೊಡಿ ಬೆಚ್ಚಗ ಇರ್ತೈತಿ, ಮೊಣಕಾಲ ಚಿಪ್ಪು ಮಾತ್ರ ರಾತ್ರಿ ಹೊರಗ ಇಟ್ಟ ಸ್ಟೀಲ್ ತಂಬಿಗಿ ಮುಟ್ಟಿಧಂಗ. ಯಾಕಂದ್ರ ಚಿಪ್ಪಿನ ಮುಂದ ಮಾಂಸ ಇಲ್ಲ, ಕೊಬ್ಬಿಲ್ಲ, ಚರ್ಮದ ಕೆಳಗ ನೇರ ಎಲುಬು, ಸ್ನಾಯುರಜ್ಜು. ಥಂಡಿಗೆ ಕೀಲಿನೊಳಗಿನ ದ್ರವ ದಪ್ಪ ಆಗ್ತೈತಿ, ರಜ್ಜು ಬಿಗೀತೈತಿ. ನೀವು ನಿಮಿಷಕ್ಕ 85 ಸಲ ಪೆಡಲ್ ತಿರಗಿಸಿದ್ರ ಒಂದ ತಾಸಿಗೆ 5,100 ಸಲ ಅದ ಮೊಣಕಾಲ ಮಡಚ್ತೈತಿ. ಎಣ್ಣಿ ಇಲ್ಲದ ಚೈನ್ ಹಂಗ ಓಡಸ್ತೀರೇನು? ಚೈನಿಗೆ ಎಣ್ಣಿ ಹಾಕ್ತೀರಿ, ಮೊಣಕಾಲಿಗೆ ಒಂದು ಬಟ್ಟಿ ಹಾಕಾಕ ನಾಚಿಕಿ!

ಎರಡು ವರ್ಷದ ಹಿಂದ ಜನವರಿದಾಗ ನಾನೂ ಬರೀ ಶಾರ್ಟ್ಸ್ ಮ್ಯಾಲ ಪಿರಂಗುಟ್ ದಾಟಿ ತೆಮಘರ್ ಕಡೆ ಹೋಗಿದ್ದೆ, ತಣ್ಣಗಿದ್ದ ಕಾಲಿನ್ಯಾಗ ದೊಡ್ಡ ಗೇರ್ ಹಾಕಿ ಏರು ತುಳದೆ. ಮೂರು ವಾರ ಚಿಪ್ಪಿನ ಕೆಳಗ ನೋವು. ಸಂಕ್ರಾಂತಿಗೆ ಅವ್ವ ಹುಬ್ಬಳ್ಳಿಯಿಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಿದ್ಲು, ಎಲ್ಲಾರೂ ನೆಲದ ಮ್ಯಾಲ ಕುಂತು ಉಂಡ್ರು, ನಾ ಒಬ್ಬನ ಕುರ್ಚಿ ಮ್ಯಾಲ. ಅವತ್ತಿನಿಂದ ನವೆಂಬರ್ ಬಂತಂದ್ರ ನನ್ನ ಮೊಣಕಾಲ ಹೊರಗ ಕಾಣೂದಿಲ್ಲ.

ಈಗ ಜೀನ್ಸ್. ಹತ್ತಿ ಬಟ್ಟಿ, ಇಬ್ಬನಿ ಕುಡೀತೈತಿ, ಬೆವರು ಕುಡೀತೈತಿ, ಒಣಗೂದಿಲ್ಲ, ಮೊಣಕಾಲ ಹತ್ರ ಹಿಡೀತೈತಿ, ನಡುವಿನ ದಪ್ಪ ಹೊಲಿಗಿ ಮ್ಯಾಲ ಕುಂತು ಕಲ್ಲಿನ ರಸ್ತೆದಾಗ 60 ಕಿಲೋಮೀಟರ್ ಹೊಡದು ಬರ್ರಿ, ಆಮೇಲ ಮಾತಾಡೂಣು. ಸಡ್ಲ ಟ್ರ್ಯಾಕ್ ಪ್ಯಾಂಟ್ ಚೈನಿಗೆ ಸಿಗ್ತೈತಿ. ಥರ್ಮಲ್ ಅಂದ್ರ ಮಲಗೂ ಮುಂದ ಹಾಕ್ಕೊಳ್ಳೂದು.

ದುಡ್ಡಿರೂ ಮಂದಿ ಇನ್ನೊಂದು ಮಾಡ್ತಾರ, ಯುರೋಪಿನ ಥಂಡಿಗೆ ಹೊಲಿದ ದಪ್ಪ ಬಿಬ್ ಟೈಟ್ಸ್, ಅಂದ್ರ ಹೆಗಲಿಗೆ ಪಟ್ಟಿ ಇರೂ ಉದ್ದನೆ ಬಿಗಿ ಪ್ಯಾಂಟ್, ತರಸ್ತಾರ. ಚಲೋ ವಸ್ತು, ಇಲ್ಲ ಅನ್ನೂದಿಲ್ಲ, ಮನಾಲಿಗೆ ಹೋದ್ರ ಒಯ್ರಿ. ಆದ್ರ ಪುಣೆದಾಗ ಮುಂಜಾನೆ 6ಕ್ಕ 10 ಇದ್ದದ್ದು ಮಧ್ಯಾಹ್ನದೊಳಗ 28 ದಾಟ್ತೈತಿ. ಆಗ ಅದನ್ನ ಹೆಂಗ ತೆಗೀತೀರಿ? ಪಟ್ಟಿ ಹೆಗಲ ಮ್ಯಾಲ, ಅದರ ಮ್ಯಾಲ ಜರ್ಸಿ, ಪಾನಶೇತ್ ಚಹಾದಂಗಡಿ ಮುಂದ ಎಲ್ಲಾ ಬಿಚ್ಚಿ ನಿಲ್ತೀರೇನು? ನಾ ಒಂದ ನಿಮಿಷದಾಗ ಎರಡೂ ವಾರ್ಮರ್ ಎಳದು, ಚಪಾತಿ ಸುರುಳಿ ಸುತ್ತಿಧಂಗ ಸುತ್ತಿ ಬೆನ್ನ ಕಿಸೆದಾಗ ತುರಕಿ, ಪೋಹೆ ತಿನ್ನಾಕ ಕುಂತಿರ್ತೀನಿ. ಗ್ರಾವೆಲ್, ಅಂದ್ರ ಕಚ್ಚಾ ರಸ್ತೆದಾಗ ಸೈಕಲ್ ಹೊಡಿಯೂದು, ಅಲ್ಲಿ ಜಾಲಿಮುಳ್ಳು ಬ್ಯಾರೆ. ನಂದು ಎಡಗಾಲಿಂದು ಹರೀತು, 1,400 ಕೊಟ್ಟು ಹೊಸ ಜೋಡಿ ತಂದೆ, ಹಳೇ ಬಲಗಾಲಿಂದು ಇನ್ನೂ ಐತಿ. ಏಳು ಸಾವಿರದ ಟೈಟ್ಸ್ ಹರದಿದ್ರ?

ಹಾಂ, ಮುಳ್ಳಂದಾಗ ನೆನಪಾತು, ಟಯರ್ ತೂತು ಮುಚ್ಚೂ ಟ್ಯೂಬ್‌ಲೆಸ್ ಸೀಲಂಟ್ ವಿಡಿಯೋ ಚಾನೆಲ್‌ನ್ಯಾಗ ಐತಿ, ನೋಡಿಲ್ಲಂದ್ರ ನೋಡ್ರಿ, ಸಬ್‌ಸ್ಕ್ರೈಬ್ ಮಾಡ್ರಿ, ಕನ್ನಡದಾಗ ಗ್ರಾವೆಲ್ ಬಗ್ಗೆ ಮಾತಾಡವ್ರು ಭಾಳ ಕಡಿಮಿ, ನಿಮ್ಮ ಒಂದು ಲೈಕ್‌ನಿಂದ ನನಗ ಖರೇನ ಬಲ ಬರ್ತೈತಿ.

"ಪ್ರೊ ರೇಸರ್‌ಗಳು ಬರೀ ಕಾಲಿನ್ಯಾಗ ಹೊಡೀತಾರಲ್ಲ" ಅಂತ ಇನ್ನೊಬ್ರು. 1988ರಾಗ ಇಟಲಿಯ ಜಿರೋ ದಿಟಾಲಿಯಾ ಸೈಕಲ್ ರೇಸಿನ್ಯಾಗ ಗಾವಿಯಾ ಘಾಟಿನ ಹಿಮದಾಗ ಆಂಡಿ ಹ್ಯಾಂಪ್‌ಸ್ಟನ್ ಬರೀ ಕಾಲಿನ್ಯಾಗ ಹೋದ್ರು, ಹೌದು, ಆದ್ರ ಲ್ಯಾನೋಲಿನ್, ಅಂದ್ರ ಕುರಿ ಉಣ್ಣಿ ಜಿಡ್ಡು, ಬಳ್ಕೊಂಡು ಹೋದ್ರು. ಅವ್ರು ರೇಸಿನ್ಯಾಗ ಮುಂದ ಇದ್ದವ್ರಿಗೆ ಸಿಗೂ ಗುಲಾಬಿ ಜರ್ಸಿ ತರಾಕ ಹೋಗಿದ್ರು. ನೀವು ಮಿಸಳ್ ತಿನ್ನಾಕ ಹೊಂಟೀರಿ, ಮುಚ್ಕೋರಿ!

"ನಮ್ಮ ಅಜ್ಜ ಧೋತರ ಉಟ್ಟು ಮೂವತ್ತು ಕಿಲೋಮೀಟರ್ ಹೊಡೀತಿದ್ದ" ಅಂತ ಮತ್ತೊಬ್ರು. ಹೌದ್ರಿ, ನಮ್ಮ ಅಜ್ಜನೂ ಹೊಡೀತಿದ್ದ. ಧೋತರ ಎಲ್ಲಿ ತನಕ ಬರ್ತಿತ್ರಿ? ಮೊಣಕಾಲ ಮುಚ್ಚಿತ್ತಲ್ರಿ! ಮ್ಯಾಲ ಕಂಬಳಿ ಬ್ಯಾರೆ! ಅಜ್ಜನಿಗೆ ತಿಳದಿತ್ತು, ನಿಮಗ ತಿಳೀವಲ್ದು! ಬಿಸಿಲೇರಿದ ಮ್ಯಾಲ ಕಂಬಳಿ ಮಡಚಿ ಕ್ಯಾರಿಯರ್‌ಗೆ ಕಟ್ತಿದ್ದ, ತೆಗೀತಿದ್ದ, ತೆಗದು ಇಡ್ತಿದ್ದ, ಅದನ್ನ ನಾ ಹೇಳಾಕತ್ತಿದ್ದು!

ಒಗಿಯೂದು ತಣ್ಣೀರಿನ್ಯಾಗ, ಕಂಫರ್ಟ್ ಗಿಂಫರ್ಟ್ ಹಾಕಬ್ಯಾಡ್ರಿ, ಸಿಲಿಕಾನ್ ಹಿಡಿತ ಹೋಗ್ತೈತಿ. ಕಪ್ಪು ತಗೋರಿ, ಯಾಕಂದ್ರ ಕಪ್ಪು ಚಲೋ ಕಾಣ್ತೈತಿ, ಅಷ್ಟ.

ನಾಳೆ ರವಿವಾರ, ಮುಂಜಾನೆ 5:45ಕ್ಕ ವಾರ್ಜೆ ಬ್ರಿಜ್ ಕೆಳಗ ಇರ್ತೀನಿ. ಕಮೆಂಟ್ ಹಾಕಿದ ಅಣ್ಣಾರೂ ಬರ್ರಿ, ಖರೇನ ಕರ್ಯಾಕತ್ತೀನಿ. ಎಲ್ ಸೈಜಿನ ಒಂದು ಜೋಡಿ ಹೆಚ್ಚಿಗೆ ತರ್ತೀನಿ, ಒಗದದ್ದೈತಿ.