ಬೇರುಗಂಟಿನ ಹಸಿವು

ಕೇಳುಗರೇ, ನಮಸ್ಕಾರ.

ಹೆಸರು ಅಥವಾ ಅಲಸಂದೆ ಗಿಡವನ್ನು ಬೇರುಸಮೇತ ಎತ್ತಿ ನೋಡಿದ್ದೀರಾ? ಸುಮ್ನೆ ಹಿಡಿದು ಎಳೆದರೆ ಆಗಲ್ಲ, ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಸುತ್ತ ಅಗೆದು, ಮಣ್ಣುಹೆಂಟೆಯ ಜೊತೆಗೇ ಎತ್ತಿ, ನೀರಲ್ಲಿ ಅದ್ದಿ ತೊಳೆಯಬೇಕು. ಬೇರಿನ ಮೈಗೆ ಸಾಸಿವೆ ಕಾಳಿನಂಥ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್‌ಗೆ ಈ ಬಣ್ಣ ದಾಯಾದಿ.

ಗಂಟಿನೊಳಗೆ ಇರುವುದು ರೈಜೋಬಿಯಂ ಬ್ಯಾಕ್ಟೀರಿಯಾ. ಗಾಳಿಯ ಸಾರಜನಕವನ್ನು ಅದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಇಷ್ಟನ್ನು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಅದಕ್ಕೆ ಎಷ್ಟು ಖರ್ಚು ಅನ್ನೋದನ್ನು ಮಾತ್ರ ಯಾರೂ ಹೇಳಲಿಲ್ಲ. ಸಾರಜನಕದ ಒಂದೊಂದು ಅಣುವಿಗೆ ಕಡಿಮೆಯೆಂದರೂ 16 ಎಟಿಪಿ ಬೇಕು. ಎಟಿಪಿ ಅಂದರೆ ಶಕ್ತಿಯನ್ನು ಹೊತ್ತೊಯ್ಯುವ ಅಣು, ಜೀವಕೋಶದ ಚಿಲ್ಲರೆ ಕಾಸು. ಆ ಕಾಸು ಅಚ್ಚಾಗಲು ರಂಜಕ ಬೇಕು. ಹಾಗಾಗಿ ಬೇರುಗಂಟಿಗೆ ರಂಜಕದ ಹಸಿವು ಜಾಸ್ತಿ.

ರಂಜಕವೋ, ಮಣ್ಣಲ್ಲಿದ್ದರೂ ಕೈಗೆ ಸಿಗದ ವಸ್ತು. ಕಬ್ಬಿಣ, ಸುಣ್ಣಗಳನ್ನು ಕಚ್ಚಿಕೊಂಡು ಕೂತರೆ ಕದಲಲ್ಲ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರಿನಲ್ಲಿ ಇದ್ದದ್ದು ಬೇಗ ಬರಿದಾಗುತ್ತದೆ. ಆಗ ನೆರವಿಗೆ ಬರುವುದು ಮೈಕೊರೈಜಾ ಎಂಬ ಶಿಲೀಂಧ್ರ. ಕೂದಲಿಗಿಂತ ಎಷ್ಟೋ ತೆಳುವಾದ ಅದರ ಎಳೆಗಳು ಸೆಂಟಿಮೀಟರುಗಟ್ಟಲೆ ದೂರ ಹೋಗಿ ರಂಜಕ ತರುತ್ತವೆ. ಬೇರಿನ ಕೋಶದೊಳಗೆ ಶಿಲೀಂಧ್ರ ಪುಟ್ಟ ಮರದ ಹಾಗೆ ಕವಲೊಡೆಯುತ್ತದೆ. ರಂಜಕ ಕೊಟ್ಟು ಸಕ್ಕರೆ, ಕೊಬ್ಬು ಪಡೆಯುವುದು ಅಲ್ಲೇ. ಆ ಮರದ ಆಯಸ್ಸು ಕೆಲವೇ ದಿನ.

ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. 1989ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗಂಟು ಕಟ್ಟದ ಕೆಲವು ಬಟಾಣಿ ತಳಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಕೆಲವು ಶಿಲೀಂಧ್ರವನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ! ಅಂದರೆ ಇಬ್ಬರಿಗೂ ಬಾಗಿಲು ಒಂದೇ. ಶಿಲೀಂಧ್ರದ ಜೊತೆ ಗಿಡಗಳ ನಂಟು 40 ಕೋಟಿ ವರ್ಷದಷ್ಟು ಹಳೆಯದು. ಬೇರುಗಂಟು ಎಷ್ಟೋ ಈಚಿನದು. ಹಳೇ ನೆಂಟ ಬಡಿದ ಬಾಗಿಲನ್ನೇ ಹೊಸಬನೂ ಬಡಿದ ಅನ್ನಿ. ತಮಾಷೆಯೆಂದರೆ, ಲೂಪಿನ್ ಎಂಬ ದ್ವಿದಳ ಗಿಡ ಗಂಟು ಕಟ್ಟುತ್ತದೆ, ಶಿಲೀಂಧ್ರವನ್ನು ಮಾತ್ರ ಹತ್ತಿರ ಸೇರಿಸಲ್ಲ.

ಇಬ್ಬರೂ ಉಣ್ಣುವುದು ಒಂದೇ ಗಿಡದ ಸಕ್ಕರೆ. ಬಿಸಿಲು ಕಡಿಮೆಯಾದರೆ, ಗಿಡ ಇನ್ನೂ ಎಳೆಯದಾಗಿದ್ದರೆ, ತಟ್ಟೆಗಾಗಿ ಜಗಳವೂ ಆಗುತ್ತದೆ. ಗಿಡವೇನು ಪೆದ್ದಲ್ಲ. ಗಂಟು ಸಾಕು ಅಂತ ಎಲೆಗಳಿಂದ ಬೇರಿಗೆ ಸಂದೇಶ ಕಳಿಸುತ್ತದೆ. ನಾವು ಯೂರಿಯಾ ಸುರಿದರೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ರಂಜಕದ ಗೊಬ್ಬರ ಅತಿಯಾದರೆ ಶಿಲೀಂಧ್ರಕ್ಕೆ ಬಾಗಿಲು ಹಾಕುತ್ತದೆ.

ನಮಸ್ಕಾರ.