ಪುಷ್ಪಕ್‌ನಿಂದ ಕೃಷಕ್‌ವರೆಗೆ: ರೆಕ್ಕೆ ಮೇಲಿರುವ ಪುಟ್ಟ ವಿಮಾನದ ಕಥೆ

ದೃಶ್ಯ: ಬೀದರ್ ಕೋಟೆ, ಮೇಲೆ ಹಾರುವ ಜೆಟ್

ನಮಸ್ಕಾರ. ಬೀದರ್ ಮಂದಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆ ನೆಲೆಯ ಹಾಕ್ ಜೆಟ್‌ಗಳನ್ನು ನೋಡುತ್ತಲೇ ಇರುತ್ತೇವೆ, ಅಲ್ವಾ? ಜೆಟ್‌ಗಳಿಗೂ ಮುಂಚೆ ಇಲ್ಲಿ ಎಚ್‌ಟಿ-2 ತರಬೇತಿ ವಿಮಾನ ಹಾರುತ್ತಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ಅದನ್ನು ರೂಪಿಸಿತು. 1951ರಲ್ಲಿ ಮೊದಲ ಸಲ ಹಾರಿತು. ಅದೇ ಎಚ್‌ಎಎಲ್‌ನ ಇನ್ನೊಂದು ವಿಮಾನ ಕೃಷಕ್. ಇದರ ಬಗ್ಗೆ ಮಾತಾಡುವವರೇ ಕಡಿಮೆ. ನನಗಂತೂ ತುಂಬಾ ಇಷ್ಟ.

ದೃಶ್ಯ: ಪುಷ್ಪಕ್ ಚಿತ್ರ

ಇದರ ಬೇರು ಪುಷ್ಪಕ್. 1958ರ ಸೆಪ್ಟೆಂಬರ್ 28ರಂದು ಮೊದಲ ಹಾರಾಟ. ಎರಡೇ ಸೀಟು, 90 ಅಶ್ವಶಕ್ತಿಯ ಎಂಜಿನ್. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಕಲಿಯುವವರಿಗೆ ಹೇಳಿ ಮಾಡಿಸಿದ್ದು.

ರೆಕ್ಕೆ ನೋಡಿ, ತಲೆ ಮೇಲಿದೆ. ಕೆಳಗಿನ ಹೊಲ, ಹಳ್ಳ, ದಾರಿ ಎಲ್ಲಾ ಅಡ್ಡಿಯಿಲ್ಲದೆ ಕಾಣುತ್ತವೆ. ಅದರ ಕೆಳಗೆ ಒಂದು ಓರೆ ಕಂಬಿ ಇದೆ, ಸ್ಟ್ರಟ್. ನೆಲದ ಮೇಲೆ ನಿಂತಾಗ ಅದು ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಹಾರುವಾಗ ಪೂರ್ತಿ ಉಲ್ಟಾ: ರೆಕ್ಕೆ ಮೇಲಕ್ಕೆ ಬಾಗದಂತೆ ಕೆಳಕ್ಕೆ ಎಳೆದು ಹಿಡಿಯುತ್ತದೆ. ಹಾಗಾಗಿ ರೆಕ್ಕೆಯನ್ನು ಹಗುರವಾಗಿ ಕಟ್ಟಬಹುದು. ಕಂಬಿ ಗಾಳಿಗೆ ಅಡ್ಡ ಬರುತ್ತದೆ, ನಿಜ. ಆದರೆ ನಿಧಾನ ಹಾರುವ ವಿಮಾನಕ್ಕೆ ಅದು ದೊಡ್ಡ ನಷ್ಟವಲ್ಲ.

ಈ ಪುಷ್ಪಕ್ ಅನ್ನೇ ಹಿಗ್ಗಿಸಿ ನಾಲ್ಕು ಸೀಟಿನ ವಿಮಾನ ಮಾಡಿದರು. 1959ರಲ್ಲಿ ಹಾರಿತು. ಅಲ್ಲಿಗೆ ಕೆಲಸ ನಿಂತುಹೋಯಿತು! ನಾಲ್ಕು ಜನ ಕೂರುವ ನಮ್ಮದೇ ನಾಗರಿಕ ವಿಮಾನ ಮುಂದುವರಿಯಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಅದಕ್ಕೆ ಮತ್ತೆ ಜೀವ ಕೊಟ್ಟಿದ್ದು ಸೇನೆ. ಫಿರಂಗಿ ಗುಂಡು ಎಲ್ಲಿ ಬೀಳುತ್ತಿದೆ ಅಂತ ಮೇಲಿನಿಂದ ನೋಡಿ ಹೇಳಲು ವಿಮಾನ ಬೇಕಿತ್ತು. ಸೇನೆಯ ಬಳಿ ಆಗಿದ್ದ ಆಸ್ಟರ್ ವಿಮಾನಗಳು ಹಳತಾಗಿದ್ದವು. ಈ ಕೆಲಸಕ್ಕೆ ವೇಗ ಬೇಡ, ನಿಧಾನ ಬೇಕು. ಕಷ್ಟ ಇರೋದೇ ಅಲ್ಲಿ. ವೇಗ ಅರ್ಧಕ್ಕೆ ಇಳಿದರೆ, ಅದೇ ರೆಕ್ಕೆ ಅದೇ ಕೋನದಲ್ಲಿ ಎತ್ತುವ ಬಲ ಕಾಲು ಭಾಗಕ್ಕೆ ಕುಸಿಯುತ್ತದೆ. ಅದಕ್ಕೇ ದೊಡ್ಡ ರೆಕ್ಕೆ, ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸುವ ಹಲಗೆ), ಜೊತೆಗೆ 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. 1965ರಲ್ಲಿ ಕೃಷಕ್ ಸೇವೆಗೆ ಬಂತು.

ದೃಶ್ಯ: ತೊಗರಿ ಹೊಲದ ಬದಿಯ ಮಣ್ಣಿನ ದಾರಿ

ಚಕ್ರಗಳನ್ನೂ ನೋಡಿ. ಎರಡು ಮುಂದೆ, ಒಂದು ಚಿಕ್ಕದು ಬಾಲದ ಕೆಳಗೆ. ಮೂತಿ ಮೇಲೆದ್ದು ನಿಲ್ಲುವುದರಿಂದ ಪ್ರೊಪೆಲ್ಲರ್ ಕಲ್ಲು, ದಿಬ್ಬಗಳಿಂದ ದೂರ ಇರುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ನಮ್ಮ ಎರಿ ಹೊಲದ ಅಂಚಿನಂಥ ನೆಲಕ್ಕೆ ಇದೇ ಸರಿ. ಮಳೆ ಬಿದ್ದ ಎರಿ ಮಣ್ಣಿನಲ್ಲಿ ಮಾತ್ರ ಯಾವ ಚಕ್ರವೂ ನಡೆಯಲ್ಲ!

1970ರ ದಶಕದಲ್ಲಿ ಚೀತಾ ಹೆಲಿಕಾಪ್ಟರ್ ಬಂದು ಕೃಷಕ್ ಜಾಗ ಹಿಡಿಯಿತು. ಹೆಸರು ಕೃಷಕ್, ಅಂದರೆ ರೈತ, ಆದರೂ ಹೊಲಕ್ಕೆ ಔಷಧಿ ಸಿಂಪಡಿಸಲು ಎಚ್‌ಎಎಲ್ ಮಾಡಿದ್ದು ಬೇರೆಯೇ ವಿಮಾನ, ಬಸಂತ್. ಎಂಜಿನ್ 400 ಅಶ್ವಶಕ್ತಿ, ರೆಕ್ಕೆ ಕೆಳಗೆ. ರೆಕ್ಕೆ ಯಾಕೆ ಕೆಳಗಿಳಿಯಿತು ಅನ್ನೋದನ್ನು ಮುಂದಿನ ವಿಡಿಯೋದಲ್ಲಿ ಬಿಡಿಸಿ ಹೇಳುತ್ತೇನೆ.