ಹತ್ತು ಜನ ಸೇರಿದರೆ

ಆತ್ಮೀಯ ಕೇಳುಗರೇ, ನಮಸ್ಕಾರ.

ಯಹೂದಿಗಳು ತೀರಿಕೊಂಡವರ ನೆನಪಿನಲ್ಲಿ ಹೇಳುವ 'ಕದ್ದಿಶ್' ಎಂಬ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ. ಅದು ಮೊದಲಿನಿಂದ ದೇವರ ಸ್ತುತಿ, ಕೊನೆಯಲ್ಲಿ ಶಾಂತಿಯ ಬೇಡಿಕೆ. ಸಂಪ್ರದಾಯದ ಪ್ರಕಾರ ಅದನ್ನು ಒಬ್ಬರೇ ಕುಳಿತು ಹೇಳುವಂತಿಲ್ಲ. 'ಮಿನ್ಯಾನ್' ಎನ್ನುವ ಹತ್ತು ವಯಸ್ಕರ ಕೂಟ ಸೇರಬೇಕು. ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡಬಾರದೆಂಬ ಕಾಳಜಿಯನ್ನು ನಾನು ಈ ನಿಯಮದಲ್ಲಿ ಕಾಣುತ್ತೇನೆ.

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಸ್ಕ್ವಿರಲ್ ಹಿಲ್ ಎಂಬ ಬಡಾವಣೆಯಿದೆ. ಯಹೂದಿಗಳು ತಲೆಮಾರುಗಳಿಂದ ನೆಲೆಸಿರುವ ಆ ಬಡಾವಣೆಯ 'ಟ್ರೀ ಆಫ್ ಲೈಫ್' ಸಿನಗಾಗ್ ಕಟ್ಟಡದಲ್ಲಿ ಮೂರು ಸಭೆಗಳು ಬೇರೆ ಬೇರೆಯಾಗಿ ಪ್ರಾರ್ಥನೆ ನಡೆಸುತ್ತಿದ್ದವು. 2018ರ ಅಕ್ಟೋಬರ್ 27, ಶನಿವಾರ, ವಿಶ್ರಾಂತಿಯ ಪವಿತ್ರ ದಿನವಾದ ಸಬ್ಬತ್ತಿನ ಬೆಳಗ್ಗೆ, ಯಹೂದಿದ್ವೇಷವನ್ನು ತಲೆಗೇರಿಸಿಕೊಂಡ ಬಂದೂಕುಧಾರಿಯೊಬ್ಬ ಅಲ್ಲಿಗೆ ನುಗ್ಗಿ 11 ಜನರನ್ನು ಕೊಂದ. ಅವರಲ್ಲಿ ಅತ್ಯಂತ ಹಿರಿಯರಿಗೆ 97 ವರ್ಷ. ಸತ್ತವರಲ್ಲಿ ಅನೇಕರು ತಪ್ಪದೆ ಬರುವವರು, ಎಲ್ಲರಿಗಿಂತ ಮೊದಲು ಬಂದು ಕೂಡುವವರು. ಮಿನ್ಯಾನ್ ಇಂಥವರ ಬಲದಿಂದಲೇ ನಿಲ್ಲುತ್ತದೆ. 'ನ್ಯೂ ಲೈಟ್' ಎಂಬ ಚಿಕ್ಕ ಸಭೆಯೊಂದೇ ಮೂವರನ್ನು ಕಳೆದುಕೊಂಡಿತು. ಪ್ರಾರ್ಥನೆಯನ್ನು ಮುನ್ನಡೆಸುತ್ತಿದ್ದವರೇ ಇಲ್ಲವಾದ ಮೇಲೆ ಉಳಿದವರು ಏನು ಮಾಡಬೇಕು?

ಅಂದು ಸಂಜೆಯೇ ಬಡಾವಣೆಯ ಹೈಸ್ಕೂಲು ಮಕ್ಕಳು ಮುಂದಾಗಿ ಜನರನ್ನು ಬೀದಿಯ ಕೂಡುರಸ್ತೆಗೆ ಕರೆದರು. ಮೇಣದ ಬತ್ತಿಗಳನ್ನು ಹಿಡಿದು ಸಾವಿರಾರು ಜನ ಸೇರಿದರು. ಊರಿನ ಮುಸ್ಲಿಮರು ಆರಂಭಿಸಿದ ನಿಧಿಗೆ ಕೆಲವೇ ದಿನಗಳಲ್ಲಿ 2 ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಸ್ಥಳೀಯ ಪತ್ರಿಕೆಯಾದ 'ಪಿಟ್ಸ್‌ಬರ್ಗ್ ಪೋಸ್ಟ್-ಗೆಜೆಟ್' ತನ್ನ ಮುಖಪುಟದ ತಲೆಬರಹವಾಗಿ ಕದ್ದಿಶ್‌ನ ಮೊದಲ ಪದಗಳನ್ನು ಹೀಬ್ರೂ ಲಿಪಿಯಲ್ಲಿಯೇ ಅಚ್ಚು ಹಾಕಿತು. ಆ ಅಕ್ಷರಗಳನ್ನು ಓದಲು ಬಾರದ ಓದುಗರೇ ಹೆಚ್ಚಿದ್ದ ಊರದು. ಆದರೂ ಆ ದುಃಖವನ್ನು ಅನುವಾದಿಸದೆ, ಹಾಗೆಯೇ ತನ್ನದಾಗಿಸಿಕೊಂಡ ಆ ಪುಟ ನನ್ನನ್ನು ಬಹುವಾಗಿ ತಟ್ಟಿದೆ.

ಬಾಗಿಲು ಮುಚ್ಚಿದ ಕಟ್ಟಡದಿಂದ ಹೊರಬಿದ್ದ ಮೂರು ಸಭೆಗಳಿಗೂ ನೆರೆಯ ಸಿನಗಾಗ್‌ಗಳು ಜಾಗ ಕೊಟ್ಟವು. ಗಾಯಗೊಂಡ ಮನಸ್ಸುಗಳಿಗೆ ಆಪ್ತಸಮಾಲೋಚನೆ ನೀಡಲು, ದುರಂತದ ದಿನಾಂಕವನ್ನೇ ಹೆಸರಾಗಿಟ್ಟುಕೊಂಡ ಕೇಂದ್ರವೊಂದು ಅದೇ ಬಡಾವಣೆಯಲ್ಲಿ ತೆರೆಯಿತು. ಖಾಲಿ ಕಟ್ಟಡದ ಬೇಲಿಗೆ ಶಾಲಾ ಮಕ್ಕಳ ಚಿತ್ರಗಳನ್ನು ಕಟ್ಟಿದರು. ಇವುಗಳಿಂದ ನೋವು ಅಳಿಯಿತೆಂದು ಹೇಳುವುದು ತಪ್ಪಾದೀತು. ನ್ಯಾಯಾಲಯದ ವಿಚಾರಣೆ ಮುಗಿಯಲು 2023ರವರೆಗೆ ಕಾಯಬೇಕಾಯಿತು, ಬದುಕುಳಿದವರು ಆ ಬೆಳಗಿನ ಪ್ರತಿಯೊಂದು ಗಳಿಗೆಯನ್ನು ಸಾಕ್ಷಿಕಟ್ಟೆಯಲ್ಲಿ ಮತ್ತೆ ಹೇಳಬೇಕಾಯಿತು.

ಹಳೆಯ ಕಟ್ಟಡದ ಬಹುಭಾಗವನ್ನು 2024ರಲ್ಲಿ ಕೆಡವಿ, ವಾಸ್ತುಶಿಲ್ಪಿ ಡ್ಯಾನಿಯಲ್ ಲಿಬೆಸ್ಕಿಂಡ್ ಅವರ ವಿನ್ಯಾಸದಲ್ಲಿ ಹೊಸದನ್ನು ಕಟ್ಟುವ ಕೆಲಸವನ್ನು ಆರಂಭಿಸಲಾಯಿತು. ಲಿಬೆಸ್ಕಿಂಡ್ ಅವರ ತಂದೆತಾಯಿಗಳು ನಾಜಿಗಳ ನರಮೇಧದಿಂದ ಬದುಕುಳಿದವರು. ಸ್ಮಾರಕದ ಜೊತೆಗೆ ಪ್ರಾರ್ಥನೆಯ ಜಾಗವೂ ಅಲ್ಲಿರಬೇಕೆಂದು ಸಭೆ ಬಯಸಿತು. ಪ್ರತಿವರ್ಷ ಆ ದಿನ ಬಂದಾಗ ಅವರು ಧರ್ಮಗ್ರಂಥದ ಅಧ್ಯಯನಕ್ಕೆ ಒಟ್ಟಾಗಿ ಕೂಡುತ್ತಾರೆ, ಹನ್ನೊಂದು ಹೆಸರುಗಳನ್ನು ಓದುತ್ತಾರೆ, ಬಳಿಕ ಎದ್ದು ನಿಂತು ಕದ್ದಿಶ್ ಹೇಳುತ್ತಾರೆ.